ತೂತಿನಿಂದ ಹುಟ್ಟಿದ ಪುಸ್ತಕ

ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಯಂತ್ರ ನಮ್ಮಲ್ಲಿ ಅನೇಕ ಗುಮಾಸ್ತರ ಕೈಗೆ ದಿನವೂ ಸಿಗುವ ವಸ್ತು. ಆ ತೂತಿನಿಂದಲೇ ಲೋಕಪ್ರಸಿದ್ಧವಾದ ಮಕ್ಕಳ ಪುಸ್ತಕವೊಂದನ್ನು ಬರೆದು ಚಿತ್ರಿಸಿದವರು ಎರಿಕ್ ಕಾರ್ಲ್ (1929–2021).

ಅಮೆರಿಕದಲ್ಲಿ ಹುಟ್ಟಿ ಜರ್ಮನಿಯಲ್ಲಿ ಬೆಳೆದ ಅವರು 1952ರಲ್ಲಿ 40 ಡಾಲರಿನೊಂದಿಗೆ ನ್ಯೂಯಾರ್ಕಿಗೆ ಮರಳಿ, ಜಾಹೀರಾತಿನ ಕೆಲಸದಿಂದ ಜೀವನ ಸಾಗಿಸಿದರು. ಒಮ್ಮೆ ಕಾಗದದ ಕಟ್ಟಿಗೆ ತೂತು ಹೊಡೆಯುವಾಗ ಅವರಿಗೆ ಪುಸ್ತಕ ತಿನ್ನುವ ಹುಳುವಿನ ನೆನಪಾಯಿತು. ಸಂಪಾದಕಿಯ ಸಲಹೆಯಿಂದ ಅದು ಕಂಬಳಿಹುಳುವಾಯಿತು; ಕೊನೆಗೆ ಚಿಟ್ಟೆಯಾಗಲು ದಾರಿಯಾಯಿತು. ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ 1969ರಲ್ಲಿ ಹೊರಬಂತು. ತೂತಿನ ಪುಟಗಳು ಅಮೆರಿಕದಲ್ಲಿ ದುಬಾರಿಯಾದ್ದರಿಂದ ಅದನ್ನು ಜಪಾನಿನಲ್ಲಿ ಅಚ್ಚು ಮಾಡಿಸಿದರು.

ತೆಳುಕಾಗದಕ್ಕೆ ಬಣ್ಣ ಬಳಿದು, ಕತ್ತರಿಸಿ, ಅಂಟಿಸುವುದು ಅವರ ಚಿತ್ರಕ್ರಮ. ಹುಳು ಸೋಮವಾರ ಒಂದು ಸೇಬು ತಿನ್ನುತ್ತದೆ. ಹೀಗೆಯೇ ಏರುತ್ತ ಶುಕ್ರವಾರ ಐದು ಕಿತ್ತಳೆ. ತಿಂದಲ್ಲೆಲ್ಲ ತೂತು! ಮಗು ಅದರಲ್ಲಿ ಬೆರಳು ತೂರಿಸುತ್ತಲೇ ವಾರದ ದಿನಗಳನ್ನೂ ಎಣಿಕೆಯನ್ನೂ ಕಲಿಯುತ್ತದೆ.

ಬೀದಿಯಲ್ಲೂ ಶಾಲೆಯಲ್ಲೂ ಪರಭಾಷೆಯನ್ನೇ ಕೇಳುವ ನಮ್ಮ ಮಕ್ಕಳಿಗೆ ‘ಒಂದು, ಎರಡು’, ‘ಸೋಮವಾರ, ಮಂಗಳವಾರ’ಗಳು ಮನೆಯಲ್ಲಾದರೂ ಕನ್ನಡದಲ್ಲಿ ಕಿವಿಗೆ ಬೀಳಬೇಡವೆ? ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಚಿತ್ರ ತೋರಿಸಿ, ಕಥೆಯನ್ನು ನಮ್ಮ ಮಾತಿನಲ್ಲೇ ಹೇಳಿದರಾಯಿತು. ಇಂಗ್ಲಿಷ್ ಬಾರದ ತಾಯಿಗೂ ಇದು ಸಾಧ್ಯ. ಚಿತ್ರಪುಸ್ತಕದ ದೊಡ್ಡ ಉಪಕಾರವೇ ಅದು.