ರಕ್ಷಕ ರಕ್ತಕಣಗಳ ಲಕ್ಷಣನಿರ್ಣಯ

ಲಕ್ಷಣವು ಲಕ್ಷ್ಯದಲ್ಲೆಲ್ಲ ಇರಬೇಕು, ಅಲಕ್ಷ್ಯದಲ್ಲಿ ಇರಕೂಡದು ಎಂಬುದು ನಮ್ಮ ತಾರ್ಕಿಕರ ನಿಯಮವು. ಕೊಂಬುಳ್ಳುದೇ ಗೋವು ಎಂದರೆ ಎಮ್ಮೆಯಲ್ಲಿ ಅತಿವ್ಯಾಪ್ತಿಯು. ಕಪಿಲವರ್ಣದ್ದೇ ಗೋವು ಎಂದರೆ ಬಿಳಿಯ ಹಸುವಿನಲ್ಲಿ ಅವ್ಯಾಪ್ತಿಯು. ಗಂಗೆದೊಗಲನ್ನು ಹೇಳಿದರೆ ಮಾತ್ರ ನಿರ್ವಾಹವಾಗುವುದು. ಶರೀರವನ್ನು ರೋಗಗಳಿಂದ ಕಾಯುವ ರಕ್ತಕಣಗಳನ್ನು ವಿಂಗಡಿಸಹೊರಟ ಪಾಶ್ಚಾತ್ಯ ಶಾಸ್ತ್ರಜ್ಞರಿಗೂ ಇದೇ ತೊಡಕು ಒದಗಿತು.

ಬಿಳಿಯ ರಕ್ತಕಣಗಳಲ್ಲಿ ಲಿಂಫೊಸೈಟ್ ಎಂಬುದೊಂದು ಜಾತಿ. ಸೂಕ್ಷ್ಮದರ್ಶಕದಲ್ಲಿ ಇವೆಲ್ಲವೂ ಒಂದೇ ಅಚ್ಚಿನವು: ದುಂಡನೆಯ ಆಕಾರ, ನಡುವೆ ದೊಡ್ಡ ಬೀಜ. ಕಾರ್ಯವಾದರೋ ಬೇರೆ ಬೇರೆ. ಕೆಲವು ರೋಗಬೀಜಗಳಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ರಕ್ತದೊಳಕ್ಕೆ ಬಿಡುವುವು. ಕೆಲವು ವೈರಸ್ಸು ಹೊಕ್ಕ ಜೀವಕೋಶವನ್ನು ತಾವೇ ಕೊಲ್ಲುವುವು. ಮತ್ತೆ ಕೆಲವು ಈ ಇಬ್ಬಗೆಯವಕ್ಕೂ ನೆರವಾಗುವುವು. ರೂಪದಿಂದ ಭೇದವು ತಿಳಿಯದಿರಲು, ಮೊದಲು ಜನ್ಮಸ್ಥಾನದಿಂದ ತಿಳಿಯಿತು.

ಕೋಳಿಯ ಮಲದ್ವಾರದ ಬಳಿ ಒಂದು ಸಣ್ಣ ಚೀಲವುಂಟು. ಇಟಲಿಯ ಪಾದುವಾ ನಗರದ ಫ್ಯಾಬ್ರಿಸಿಯಸ್ ಎಂಬ ಶರೀರಶಾಸ್ತ್ರಜ್ಞನು ಅದನ್ನು ವರ್ಣಿಸಿದ ಗ್ರಂಥವು ಅವನ ಮರಣಾನಂತರ 1621ರಲ್ಲಿ ಅಚ್ಚಾಯಿತು. ಅದರ ಪ್ರಯೋಜನವೇನೆಂಬುದು ಮಾತ್ರ ಮುನ್ನೂರು ವರ್ಷಗಳಿಗೂ ಮೇಲೆ ಗೂಢವಾಗಿಯೇ ಉಳಿಯಿತು. ಅಮೆರಿಕದ ಬ್ರೂಸ್ ಗ್ಲಿಕ್ ಎಂಬವರು ಎಳೆಯ ಮರಿಗಳಲ್ಲಿ ಈ ಚೀಲವನ್ನು ಕೊಯ್ದು ತೆಗೆದಿದ್ದರು. ಅವರ ಜೊತೆಯವರೊಬ್ಬರು ಪ್ರತಿಕಾಯಗಳ ಉತ್ಪತ್ತಿಯನ್ನು ವಿದ್ಯಾರ್ಥಿಗಳಿಗೆ ತೋರಿಸಲೆಂದು ಆ ಕೋಳಿಗಳನ್ನೇ ಬಳಸಲು, ಅವುಗಳಲ್ಲಿ ಪ್ರತಿಕಾಯಗಳು ಹುಟ್ಟಲಿಲ್ಲ! 1956ರಲ್ಲಿ ಈ ಸಂಗತಿಯು ಕೋಳಿಸಾಕಣೆಯ ಶಾಸ್ತ್ರಪತ್ರಿಕೆಯಲ್ಲಿ ಪ್ರಕಟವಾದುದರಿಂದ ವೈದ್ಯವಿದ್ವಾಂಸರು ಬಹುಕಾಲ ಇತ್ತ ನೋಡಲಿಲ್ಲ. ವಿದ್ವಾಂಸರಲ್ಲಿ ಪಂಕ್ತಿಭೇದವು ಎಲ್ಲ ದೇಶಗಳಲ್ಲಿಯೂ ಉಂಟಷ್ಟೆ.

1961ರಲ್ಲಿ ಲಂಡನ್ನಿನಲ್ಲಿದ್ದ ಜಾಕ್ ಮಿಲ್ಲರ್ ಎಂಬವರು ಆಗತಾನೆ ಹುಟ್ಟಿದ ಇಲಿಮರಿಗಳ ಎದೆಯಲ್ಲಿರುವ ಥೈಮಸ್ ಗ್ರಂಥಿಯನ್ನು ತೆಗೆದರು. ಅವು ಅನ್ಯ ಇಲಿಯ ಚರ್ಮವನ್ನು ಅಂಟಿಸಿದರೂ ತಳ್ಳಿಹಾಕಲಾರದಾದುವು. 1965ರಲ್ಲಿ ಮ್ಯಾಕ್ಸ್ ಕೂಪರ್ ಮೊದಲಾದವರು ಕೋಳಿಗಳಲ್ಲಿ ಈ ಎರಡು ಅಂಗಗಳ ಕಾರ್ಯಗಳನ್ನು ಬೇರ್ಪಡಿಸಿ ತೋರಿಸಿದರು. ಥೈಮಸಿನಲ್ಲಿ ಪಕ್ವವಾದುವು ‘ಟಿ’ ಕಣಗಳು. ಬರ್ಸಾ ಎಂಬ ಆ ಚೀಲದಲ್ಲಿ ಪಕ್ವವಾದುವು ‘ಬಿ’ ಕಣಗಳು. ಮನುಷ್ಯನಿಗೆ ಆ ಚೀಲವಿಲ್ಲ. ಅವನ ‘ಬಿ’ ಕಣಗಳು ಅಸ್ಥಿಮಜ್ಜೆಯಲ್ಲಿಯೇ ಬೆಳೆಯುವುವು. ಇಂಗ್ಲಿಷಿನಲ್ಲಿ ಮಜ್ಜೆಯ ಹೆಸರಿಗೂ ಅದೇ ಅಕ್ಷರವು ಮೊದಲಾಗಿರುವುದು ಕಾಕತಾಲೀಯವು.

ಆದರೆ ರಕ್ತದ ತೊಟ್ಟಿನಲ್ಲಿ ಸಿಕ್ಕ ಕಣವು ತನ್ನ ಹುಟ್ಟೂರನ್ನು ಹೇಳದು. ಅದರ ಮೈಮೇಲಿನ ಪ್ರೋಟೀನುಗಳನ್ನೇ ಚಿಹ್ನೆಗಳಾಗಿ ಹಿಡಿಯಬೇಕು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬವರು ಒಂದೇ ಗುರಿಗೆ ಅಂಟುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಉಪಾಯವನ್ನು ಕಂಡುಹಿಡಿದರು. ಇವಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ ರಕ್ತಕ್ಕೆ ಬೆರಸಿ, ಕಣಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹರಿಸಿದರೆ, ಯಾವುದಕ್ಕೆ ಯಾವ ಚಿಹ್ನೆಯೆಂಬುದನ್ನು ಯಂತ್ರವೇ ಎಣಿಸುವುದು. 1982ರಲ್ಲಿ ಪ್ಯಾರಿಸಿನಲ್ಲಿ ವಿದ್ವಾಂಸರು ಕೂಡಿ ಈ ಚಿಹ್ನೆಗಳಿಗೆ ‘ಸಿ.ಡಿ.’ ಎಂಬ ಹೆಸರಿನಿಂದ ಅಂಕಿಗಳನ್ನಿಡಲು ಮೊದಲುಮಾಡಿದರು. ಸಿ.ಡಿ. 3 ‘ಟಿ’ ಕಣದ ಗುರುತು, ಸಿ.ಡಿ. 19 ‘ಬಿ’ ಕಣದ್ದು. ‘ಟಿ’ ಕಣಗಳಲ್ಲಿ ಸಿ.ಡಿ. 4 ಸಹಾಯಕಗಳಿಗೆ, ಸಿ.ಡಿ. 8 ಘಾತಕಗಳಿಗೆ. ಥೈಮಸಿನಲ್ಲಿ ಬೆಳೆಯುವಾಗ ಕಣವು 4, 8 ಎರಡನ್ನೂ ಧರಿಸಿರುವುದು. ಅಲ್ಲಿನ ಪರೀಕ್ಷೆಯು ಬಹು ಕಠಿನ. ಸ್ವಶರೀರದ ಗುರುತನ್ನು ಅರಿಯಲಾರದವೂ ಸ್ವಶರೀರವನ್ನೇ ಹೊಡೆಯುವವೂ ಅಲ್ಲಿಯೇ ಅಳಿಯುವುವು. ಉಳಿದ ಅಲ್ಪಭಾಗವು ಸಾಮಾನ್ಯವಾಗಿ ಒಂದೇ ಚಿಹ್ನೆಯೊಡನೆ ಹೊರಬರುವುದು.

ಇಲ್ಲಿಯೂ ಅತಿವ್ಯಾಪ್ತಿಯು ತಪ್ಪಲಿಲ್ಲ. ಮಾನೊಸೈಟ್ ಎಂಬ ಬೇರೆಯ ಕಣಗಳ ಮೈಮೇಲೂ ಸಿ.ಡಿ. 4 ಮಂದವಾಗಿ ಇರುವುದು. ಆದಕಾರಣ ‘ಸಿ.ಡಿ. 3 ಉಳ್ಳದ್ದಾಗಿ’ ಎಂಬ ವಿಶೇಷಣವನ್ನು ಸೇರಿಸುವರು. ಇದು ಬರಿಯ ವಾಕ್ಶೋಧನೆಯಲ್ಲ. ಎಚ್.ಐ.ವಿ. ಸೋಂಕುಳ್ಳ ವಯಸ್ಕನಲ್ಲಿ ಈ ಸಹಾಯಕ ಕಣಗಳು ಒಂದು ಘನ ಮಿಲಿಮೀಟರು ರಕ್ತದಲ್ಲಿ 200ಕ್ಕೆ ಕಡಮೆಯಾದರೆ ಏಡ್ಸ್ ಅವಸ್ಥೆಯೆಂದು ಗಣಿಸುವರು. ಅನ್ಯಕಣಗಳು ಎಣಿಕೆಗೆ ಸೇರಿದರೆ ಅಪಾಯವು ಮರೆಯಾದೀತು.

ಮಕ್ಕಳಿಗೆ ಬರುವ ರಕ್ತದ ಕ್ಯಾನ್ಸರಿನಲ್ಲಿಯೂ ಹೀಗೆಯೇ. ಕೆಟ್ಟ ಕಣವು ‘ಬಿ’ ವಂಶದ್ದೋ ‘ಟಿ’ ವಂಶದ್ದೋ ಎಂಬುದನ್ನು ಚಿಹ್ನೆಗಳಿಂದ ನಿರ್ಣಯಿಸಿ ಚಿಕಿತ್ಸೆಯನ್ನು ಗೊತ್ತುಮಾಡುವರು. ಸಿ.ಡಿ. 19ನ್ನೇ ಗುರಿಯಾಗಿ ಹಿಡಿಯುವ ಔಷಧಗಳು ಈಗ ಬಂದಿರುವುವು. ಆದರೆ ಅವನ್ನು ಪ್ರಯೋಗಿಸಿದ ಮೇಲೆ ಕೆಲವು ರೋಗಿಗಳಲ್ಲಿ ಕೆಟ್ಟ ಕಣಗಳು ಆ ಚಿಹ್ನೆಯನ್ನೇ ಕಳಚಿ ತಪ್ಪಿಸಿಕೊಳ್ಳುವುವು. ಲಕ್ಷ್ಯವೇ ಲಕ್ಷಣವನ್ನು ಬಿಟ್ಟುಹೋಗುವ ಈ ಅವ್ಯಾಪ್ತಿಯನ್ನು ನಮ್ಮ ತಾರ್ಕಿಕರು ಊಹಿಸಿರಲಾರರು. ವೈದ್ಯರು ಆಗ ಸಿ.ಡಿ. 22 ಮೊದಲಾದ ಬೇರೆ ಚಿಹ್ನೆಗಳನ್ನು ಹುಡುಕುವರು.