ಅಪೊಸ್ತಲರು ಹನ್ನೆರಡೇ ಮಂದಿಯೆ?

1805ರಲ್ಲಿ ನಮ್ಮ ಈ ವಿಶಾಖಪಟ್ಟಣಕ್ಕೆ ಲಂಡನ್ ಮಿಷನ್ನಿನ ಕ್ರಾನ್, ಡೆ ಗ್ರಾಂಜ್ ಎಂಬಿಬ್ಬರು ಪಾದ್ರಿಗಳು ಬಂದರು. ಅದೇ ಸಂಸ್ಥೆಯ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿ ಸೇರಿ, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಇಂಥವರನ್ನು ಅಪೊಸ್ತಲರೆನ್ನಬಹುದೆ? ಆ ಹೆಸರು ಯೇಸುವಿನ ಹನ್ನೆರಡು ಮಂದಿ ಶಿಷ್ಯರಿಗೇ ಮೀಸಲೆಂದು ಅನೇಕರ ಎಣಿಕೆ.

ಆದರೆ ಆ ಗ್ರೀಕ್ ಶಬ್ದದ ಅರ್ಥ 'ಕಳುಹಿಸಲ್ಪಟ್ಟವನು' ಎಂದಷ್ಟೆ. ಹನ್ನೆರಡರಲ್ಲಿ ಸೇರದ ಬಾರ್ನಬ, ಪೌಲರನ್ನೂ 'ಅಪೊಸ್ತಲರ ಕೃತ್ಯಗಳು' ಹಾಗೆಯೇ ಕರೆಯುತ್ತದೆ. ಪೌಲನು ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ ಅಂದ್ರೋನಿಕ, ಯೂನ್ಯ ಎಂಬವರು ಅಪೊಸ್ತಲರಲ್ಲಿ ಹೆಸರಾದವರೆಂದಿದ್ದಾನೆ. ಅಪೊಸ್ತಲರಿಗೆ ಪರಿಚಿತರು, ಅಷ್ಟೇ ಎಂದು ಅರ್ಥಮಾಡುವ ಪಂಡಿತರೂ ಉಂಟು. ಯೂನ್ಯ ಹೆಂಗಸು, ಮುಂದಿನ ಕಾಲದ ಕೆಲವರು ಆಕೆಯನ್ನು ಗಂಡಸಾಗಿಸಿಬಿಟ್ಟರು! 4ನೆಯ ಶತಮಾನದ ಬೋಧಕ ಕ್ರಿಸೊಸ್ತೋಮನಾದರೋ ಆಕೆಯನ್ನು ಹೆಂಗಸೆಂದೇ ತಿಳಿದು, ಅಪೊಸ್ತಲೆಯೆಂದು ಕೊಂಡಾಡಿದ್ದಾನೆ. ಗ್ರೀಕ್ ಅವನ ನುಡಿ. ಅವನ ಮಾತಿಗೇ ತೂಕ ಹೆಚ್ಚೆಂದು ನನಗೆ ತೋರುತ್ತದೆ.

ಹಾಗೆಂದು ಹೆಸರೇನೂ ಅಗ್ಗವಲ್ಲ. 1883ರಲ್ಲಿ ಅಚ್ಚಾದ 'ದಿದಖೆ' ಎಂಬ ಪ್ರಾಚೀನ ಕಟ್ಟಳೆ ಪುಸ್ತಕದ ಪ್ರಕಾರ, ಊರಿಗೆ ಬಂದ ಅಪೊಸ್ತಲನು ಒಂದು ದಿನ, ಬೇಕಾದರೆ ಎರಡು ದಿನ ಇರಬಹುದು. ಮೂರು ದಿನ ಕುಳಿತರೆ ಸುಳ್ಳು ಪ್ರವಾದಿ. ಹೊರಡುವಾಗ ಹಣ ಕೇಳಿದರೂ ಅಷ್ಟೆ! ಈ ಅಳತೆಗೆ ನಮ್ಮೂರಿನ ಪಾದ್ರಿಗಳು ಒಗ್ಗುವುದಿಲ್ಲ. ಕ್ರಾನ್ 1809ರಲ್ಲಿ, ಡೆ ಗ್ರಾಂಜ್ 1810ರಲ್ಲಿ ತೀರಿಕೊಳ್ಳುವವರೆಗೂ ಈ ಸೀಮೆಯಲ್ಲೇ ನಿಂತು, ತೆಲುಗು ಕಲಿತು, ಸುವಾರ್ತೆಗಳನ್ನು ತೆಲುಗಿಸುತ್ತಿದ್ದರು.