‘ಮೂಲವ್ಯಾಧಿ ಇರಬೇಕು’ ಅಂತ ಸುಮ್ಮನಿರಬೇಡಿ: ಸಲಿಂಗಿ ಪುರುಷರು ತಿಳಿಯಬೇಕಾದ ಕ್ಯಾನ್ಸರ್ ಅಪಾಯ

ಹಾವೇರಿ: ಮಲದಲ್ಲಿ ರಕ್ತ ಕಂಡರೆ ಎಷ್ಟೋ ಜನ ಮೂಲವ್ಯಾಧಿ ಅಂದುಕೊಂಡು ಮೆಡಿಕಲ್ ಶಾಪ್‌ನಿಂದ ಮುಲಾಮು ತಂದು ಹಚ್ಚಿ ಸುಮ್ಮನಾಗುತ್ತಾರೆ. ಬಹಳ ಸಲ ಅದು ಮೂಲವ್ಯಾಧಿಯೇ. ಆದರೆ ಗುದದ್ವಾರದ ಕ್ಯಾನ್ಸರ್ ಕೂಡ ಹೀಗೇ ಶುರುವಾಗಬಹುದು. ಈ ಕಾಯಿಲೆ ಅಪರೂಪ. ಆದರೂ ಸಲಿಂಗಿ, ದ್ವಿಲಿಂಗಿ ಪುರುಷರಲ್ಲಿ, ಅದರಲ್ಲೂ ಎಚ್‌ಐವಿ ಇದ್ದವರಲ್ಲಿ, ಉಳಿದವರಿಗಿಂತ ಜಾಸ್ತಿ.

ಕಾರಣ ಏನು?

ಸಲಿಂಗಿ ಆಗಿರುವುದರಿಂದಲೇ ಕ್ಯಾನ್ಸರ್ ಬರಲ್ಲ. ಇಂಥ 10 ಪ್ರಕರಣಗಳಲ್ಲಿ ಸುಮಾರು 9ಕ್ಕೆ ಎಚ್‌ಪಿವಿ ಎಂಬ ವೈರಸ್ ಕಾರಣ. ಹೆಣ್ಣುಮಕ್ಕಳ ಗರ್ಭಕಂಠದ ಕ್ಯಾನ್ಸರ್‌ಗೂ ಇದೇ ಮೂಲ. ಚರ್ಮಕ್ಕೆ ಚರ್ಮ ತಾಗಿದರೂ ಹರಡುವುದರಿಂದ ಕಾಂಡೋಮ್ ಅಪಾಯ ತಗ್ಗಿಸುತ್ತದೆ, ಪೂರ್ತಿ ತಡೆಯಲ್ಲ. ಹೆಚ್ಚಿನವರ ದೇಹ ಒಂದೆರಡು ವರ್ಷದಲ್ಲಿ ವೈರಸ್ ಅನ್ನು ತಾನೇ ಹೊರಹಾಕುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ಬೀಡಿ-ಸಿಗರೇಟು ಸೇದುವವರಲ್ಲಿ ಅದು ಉಳಿದುಬಿಡುವ ಸಾಧ್ಯತೆ ಹೆಚ್ಚು. ಮದುವೆಯಾದವರಿಂದ ಹೆಂಡತಿಗೂ ದಾಟಬಹುದು. ಅವರಿಗೂ ಗರ್ಭಕಂಠದ ತಪಾಸಣೆ ಮಾಡಿಸಬೇಕು.

ಯಾವಾಗ ತೋರಿಸಬೇಕು?

ರಕ್ತ, ಗಂಟು, ವಾಸಿಯಾಗದ ಹುಣ್ಣು, ನೋವು, ತುರಿಕೆ ಎರಡು-ಮೂರು ವಾರ ಬಿಡದಿದ್ದರೆ ಡಾಕ್ಟರಿಗೆ ತೋರಿಸಿ. ‘ಗಂಡಸರ ಜೊತೆ ಸಂಬಂಧ ಐತ್ರಿ, ಗುದದ್ವಾರ ಪರೀಕ್ಷೆ ಮಾಡಿ ನೋಡ್ರಿ’ ಅಂದ್ರೆ ಸಾಕು. ಬೆರಳಿನಿಂದ ಮಾಡುವ ಈ ಪರೀಕ್ಷೆಗೆ ಕೆಲವೇ ನಿಮಿಷ ಬೇಕು. ಕೇಸ್ ಆಗುತ್ತೆ ಎಂಬ ಭಯ ಬೇಡ. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ತೀರ್ಪು ಕೊಟ್ಟಿದೆ.

ಎಲ್ಲಿಗೆ ಹೋಗಬೇಕು?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನವರು ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ, ಆಪ್ತ ಸಮಾಲೋಚನೆ ಉಚಿತ. ಸೋಂಕು ಇದ್ದರೆ ಎಆರ್‌ಟಿ ಮಾತ್ರೆಯೂ ಉಚಿತ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಗುಟ್ಟಾಗಿ ಇಡಬೇಕು. ಕ್ಯಾನ್ಸರ್ ಅನುಮಾನ ಬಂದರೆ ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್) ಅಥವಾ ನವನಗರದ ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಬಿಪಿಎಲ್ ಕಾರ್ಡ್ ಇದ್ದವರು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಮರೆಯದೇ ಬರೆಸಿಕೊಳ್ಳಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ.

ಲಸಿಕೆ ಗಂಡುಮಕ್ಕಳಿಗೂ ಇದೆ

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ‘ಸರ್ವಾವ್ಯಾಕ್’ ಲಸಿಕೆಯನ್ನು 9ರಿಂದ 26 ವರ್ಷದ ಗಂಡುಮಕ್ಕಳೂ ಹಾಕಿಸಿಕೊಳ್ಳಬಹುದು. ಈಗಾಗಲೇ ಇರುವ ಸೋಂಕನ್ನು ಅದು ವಾಸಿ ಮಾಡಲ್ಲ, ಹಾಗಾಗಿ ಬೇಗ ಹಾಕಿಸಿದಷ್ಟೂ ಲಾಭ.

ಆಸ್ಪತ್ರೆಗೆ ಹೋಗುವ ಮೊದಲು ಎಚ್‌ಐವಿ ಬಗ್ಗೆ ಕೇಳಬೇಕೆಂದರೆ ಉಚಿತ ಸಹಾಯವಾಣಿ: 1097.